ಗೋಡೆಯಿಂದ ಒಂದು ಗೇಣು

ಅರಸೀಕೆರೆಯಲ್ಲಿ ನಾವಿದ್ದ ಬಾಡಿಗೆ ಮನೆಯ ಓನರಮ್ಮ ಒಳಗೆ ಬಂದರೆ ಮೊದಲು ವಿಚಾರಿಸುತ್ತಿದ್ದದ್ದು ನಮ್ಮನ್ನಲ್ಲ, ಗೋಡೆಯನ್ನು. ಅಂಗೈಯಲ್ಲಿ ತಡವಿ, ಮೂಸಿ ನೋಡಿ, "ಗೋಡೆಗೆ ಉಸಿರಾಡಾಕೆ ಬಿಡ್ರವ್ವ" ಅನ್ನೋರು. ಅಟ್ಟದ ಕೊಬ್ಬರಿಗೆ ಬೂಷ್ಟು ಹಿಡಿಯದಂತೆ ಕಾದು ಕಾದು ಅವರಿಗೆ ಲೋಕವೆಲ್ಲ ಕೊಬ್ಬರಿಯಾಗಿಯೇ ಕಾಣುತ್ತಿತ್ತು. ಬೀರು, ಮಂಚ ಯಾವುದೂ ಗೋಡೆಗೆ ತಾಗುವಂತಿರಲಿಲ್ಲ. ಗೇಣು ಜಾಗ ಬಿಡಲೇಬೇಕು.

ನನ್ನನ್ನು ನೋಡಲು ಗಂಡಿನವರು ಬಂದದ್ದು ಮಳೆಗಾಲದಲ್ಲಿ. ಗೋಡೆಯ ಹಸಿರು ಬೂಷ್ಟು ಕಾಣದಿರಲೆಂದು ಅಮ್ಮ ಸೋಫಾವನ್ನು ಗೋಡೆಗೇ ಒತ್ತಿ ಇಟ್ಟು, ಅದರ ಮೇಲೇ ಅವರನ್ನು ಕೂರಿಸಿದ್ದಳು. ನಾನು ಉಪ್ಪಿಟ್ಟಿನ ತಟ್ಟೆ ಹಿಡಿದು ಬರುವುದಕ್ಕೂ ಓನರಮ್ಮ ಬಾಗಿಲಿಗೆ ಬರುವುದಕ್ಕೂ ಸರಿಹೋಯಿತು.

"ಏಳಪ್ಪಾ, ಆ ಕಡೆ ಹಿಡ್ಕೊ" ಎಂದರು ಗಂಡಿಗೆ. ಪಾಪ, ಅವರು ಎದ್ದು ಹಿಡಿದೇಬಿಟ್ಟರು. ಸೋಫಾ ಈಚೆ ಬಂತು, ಹಿಂದಿನ ಬೂಷ್ಟೆಲ್ಲ ಕಂಡಿತು. ಅಮ್ಮ ಕಣ್ಣು ಮುಚ್ಚಿಕೊಂಡಳು. ತಲೆ ತಗ್ಗಿಸಿ ನಿಲ್ಲಬೇಕಾದ ನಾನು ಕಿಸಕ್ಕನೆ ನಕ್ಕುಬಿಟ್ಟೆ.

ಗಂಡಿನ ತಾಯಿ ಬಗ್ಗಿ ನೋಡಿ, "ನಮ್ಮನೇಲೂ ಹಿಂಗೇ ಐತೆ ಕಣ್ರೀ, ಏನ್ ಹಚ್ಚಬೇಕು?" ಎಂದರು.

"ಹಚ್ಚೋದು ಆಮೇಲೆ. ಮೊದಲು ಕಿಟಕಿ ತೆಗೀರಿ" ಎಂದರು ಓನರಮ್ಮ.

ಮದುವೆಯಾಗಿ ನಾನು ಸೇರಿದ ಆ ಮನೆಯಲ್ಲಿ ಸೋಫಾ ಇವತ್ತಿಗೂ ಗೋಡೆಯಿಂದ ಗೇಣು ದೂರ. ಯಾಕೆಂದು ಯಾರಾದರೂ ಕೇಳಿದರೆ ಯಜಮಾನರು ನನ್ನ ಕಡೆ ಕೈ ತೋರಿಸುತ್ತಾರೆ:

"ಸೋಫಾ ಎಳೆದ್ರೆ ಇವಳು ನಗ್ತಾಳೆ ಕಣ್ರೀ, ಅದಕ್ಕೇ."