ಅಚ್ಚು ಒರೆಸುವ ಬಟ್ಟೆ

ಚಿಕ್ಕಮಾದಯ್ಯನ ಕೈ ಒಳ್ಳೆಯದು, ಬಾಯಿ ಕೆಟ್ಟದ್ದು. ಶೀಳನೆರೆ ಕಡೆಯ ಆಲೆಮನೆಗಳಲ್ಲಿ ಇಪ್ಪತ್ತೇಳು ವರ್ಷ ಅಚ್ಚುಬೆಲ್ಲ ಹೊಯ್ದವನು. ಅವನು ಹೊಯ್ದ ಬೆಲ್ಲದ ಒಂದು ಮೂಲೆಯೂ ಮುಕ್ಕಾಗುತ್ತಿರಲಿಲ್ಲ. ಅವನ ಜೊತೆ ಒಂದು ಹಂಗಾಮು ದುಡಿದವರು ಮಾತ್ರ ಇನ್ನೊಂದಕ್ಕೆ ನಿಲ್ಲುತ್ತಿರಲಿಲ್ಲ. ಕೊನೆಗೆ ಎಲ್ಲ ಆಲೆಮನೆಯವರ ಜೊತೆಗೂ ಜಗಳವಾಡಿಕೊಂಡು ಮನೆಯಲ್ಲಿ ಕೂತ.

ಅವನ ಕೈಯ ಸುದ್ದಿ ಕೇಳಿ ಕರೆಸಿಕೊಂಡವನು ಇಂಜಿನಿಯರ್ ಮಂಜುನಾಥ. ಶ್ರೀರಂಗಪಟ್ಟಣದಿಂದ ಪಾಂಡವಪುರಕ್ಕೆ ಹೋಗುವ ರಸ್ತೆಯಲ್ಲಿ ಶೆಡ್ಡು ಹಾಕಿ, ಒಳಗೆ ತೊಟ್ಟು ದ್ರವವೂ ಇಲ್ಲದ ಬ್ಯಾಟರಿ ಮಾಡುತ್ತೇನೆಂದು ಹಟ ಹಿಡಿದು ಕೂತಿದ್ದ. ಈಗಿನ ಬ್ಯಾಟರಿಯೊಳಗೆ ಬೆಂಕಿ ಹಿಡಿಯುವ ದ್ರವ ಇರುತ್ತದಲ್ಲ, ಅದರ ಜಾಗದಲ್ಲಿ ಗಂಧಕ ಬೆರೆತ ಪುಡಿಯನ್ನು ಒತ್ತಿ ಮಾಡಿದ ಬಿಲ್ಲೆ. ಅದನ್ನು ಅಚ್ಚಿನಲ್ಲಿ ಒತ್ತುವುದು ಮಾದಯ್ಯನ ಕೆಲಸ. ಹೇಳುವುದಕ್ಕೆ ಸುಲಭ. ಬಿಲ್ಲೆಯಲ್ಲಿ ಕೂದಲೆಳೆಯಷ್ಟು ಬಿರುಕಿದ್ದರೂ ಒಂದು ಬದಿಯ ಲಿಥಿಯಂ ಅದರೊಳಗೆ ಬೇರು ಬಿಟ್ಟು ಆಚೆ ಬದಿ ಮುಟ್ಟುತ್ತದೆ, ಅಲ್ಲಿಗೆ ಬ್ಯಾಟರಿಯ ಕತೆ ಮುಗಿಯಿತು. ಪುಡಿಗೆ ತೇವ ಸೋಕಿದರೆ ಪುಡಿಯೇ ಕೆಟ್ಟು ಕೊಳೆತ ಮೊಟ್ಟೆಯ ನಾತ ಹೊಡೆಯುತ್ತದೆ, ಒತ್ತಿದ ಬಿಲ್ಲೆ ಬಿರುಕು ಬಿಡುತ್ತದೆ. ಅದಕ್ಕೇ ಒತ್ತುವ ಕೋಣೆಯ ಗಾಳಿಯನ್ನೂ ಯಂತ್ರವಿಟ್ಟು ಒಣಗಿಸಿದ್ದರು. ಒಳಗೆ ನೀರು ತರಕೂಡದು ಎಂದು ಮಂಜುನಾಥ ಮೊದಲ ದಿನವೇ ಹೇಳಿದ್ದ.

ಮಾದಯ್ಯ ನೀರು ತರಲಿಲ್ಲ. ಆದರೆ ಅಚ್ಚು ಒದ್ದೆ ಮಾಡದೆ ಹೊಯ್ದರೆ ಬೆಲ್ಲ ಕಚ್ಚಿಕೊಳ್ಳುತ್ತದೆ ಎನ್ನುವುದು ಅವನ ತಲೆಗಿಂತ ಕೈಗೆ ಚೆನ್ನಾಗಿ ಗೊತ್ತಿತ್ತು. ಬಿಳಿ ಕೋಟಿನ ಜೇಬಿನಲ್ಲಿ ಒದ್ದೆ ಮಾಡಿ ಹಿಂಡಿದ ಬಟ್ಟೆಯೊಂದು ಸದಾ ಇರುತ್ತಿತ್ತು. ಪುಡಿ ತುಂಬುವ ಮೊದಲು ಉಕ್ಕಿನ ಅಚ್ಚಿಗೆ ಅದನ್ನೊಮ್ಮೆ ಸವರುತ್ತಿದ್ದ. ಒದ್ದೆ ಬಟ್ಟೆಯನ್ನು ಯಾರಾದರೂ ನೀರು ಅನ್ನುತ್ತಾರೆಯೇ?

ಮೂರು ತಿಂಗಳು ಬಿಲ್ಲೆಗಳು ಸಾಲಾಗಿ ಕೆಟ್ಟವು. ಮಂಜುನಾಥನ ತಾಳ್ಮೆಯೂ ಮುಗಿಯಿತು.

"ಯಾರೋ ಒಳಕ್ಕೆ ತೇವ ತರ್ತಾವ್ರೆ. ಈ ವಾರ ಯಾರೂಂತ ಗೊತ್ತಾಗ್ಲಿಲ್ಲ ಅಂದ್ರೆ ಮೊದ್ಲು ಮನೆಗೆ ಹೋಗೋನು ನೀನೇ, ಮಾದಯ್ಯ."

ಮಾದಯ್ಯನ ಕಣ್ಣು ಅರ್ಪಿತಳ ಮೇಲೆ ಬಿತ್ತು. ನಾಗಮಂಗಲದಿಂದ ಮೊದಲ ಬಸ್ಸಿಗೆ ಬಂದು ಪುಡಿ ತೂಗಿಕೊಡುವ ಹುಡುಗಿ, ಡಿಪ್ಲೊಮಾ ಓದಿದವಳು. ಅವನು ಒತ್ತಿದ ಬಿಲ್ಲೆಯನ್ನು ಬೆಳಕಿಗೆ ಹಿಡಿದು "ಬಿರುಕು ಅದೆ ಮಾದಣ್ಣ" ಅನ್ನುತ್ತಿದ್ದಳು. ಅದೊಂದು ಮಾತಿಗೇ ಅವನಿಗೆ ಅವಳನ್ನು ಕಂಡರೆ ಮೈಯೆಲ್ಲ ಉರಿಯುತ್ತಿತ್ತು.

"ತಲೆ ನೆನೆಸ್ಕಂಡು ಬತ್ತಾಳೆ ಸಾ ಇವ್ಳು. ಜಡೆ ತೊಟ್ಟಿಕ್ತಾ ಇರ್ತದೆ. ಇನ್ನೆಲ್ಲಿಂದ ಬಂದಾತು ತೇವ?"

"ಟೋಪಿ ಹಾಕ್ಕಂಡೇ ಒಳೀಕೆ ಬರೋದು ಕಣಣ್ಣ ನಾನು!" ಎಂದಳು ಅರ್ಪಿತ.

"ಬಾಯ್ಮುಚ್ಚು. ಮೂರು ತಿಂಗ್ಳಿಂದ ಆ ನಾತ ಕುಡೀತಾ ಇವ್ನಿ ನಾನು" ಎಂದ ಮಾದಯ್ಯ.

ಮಂಜುನಾಥನಿಗೂ ಯಾರಾದರೊಬ್ಬರು ಬೇಕಾಗಿತ್ತು. ಇನ್ನು ಕೆಲಸಕ್ಕೆ ಬರಬೇಡ ಎಂದು ಸಂಜೆಯ ಬಸ್ಸಿಗೆ ಅವಳನ್ನು ಕಳಿಸಿಬಿಟ್ಟ.

ಮರುದಿನ ಬೆಳಗ್ಗೆ ಮಾದಯ್ಯ ಗೆದ್ದವನ ಹಾಗೆ ಕೋಣೆಗೆ ಹೋಗಿ ಅಚ್ಚು ಒರೆಸಿದ, ಪುಡಿ ತುಂಬಿದ. ಗಪ್ಪನೆ ನಾತ ಎದ್ದಿತು. ಕೋಣೆಯಲ್ಲಿ ಅವನ ಹೊರತು ನರಪಿಳ್ಳೆ ಇಲ್ಲ. ಅಚ್ಚು ನೋಡಿದ, ಕೈಯಲ್ಲಿದ್ದ ಬಟ್ಟೆ ನೋಡಿದ. ಅರ್ಥವಾಗದಿರಲು ಅವನೇನು ದಡ್ಡನಲ್ಲ.

ಮಂಜುನಾಥನ ಮೇಜು ಹತ್ತು ಹೆಜ್ಜೆ ದೂರ. ಹೋಗಿ ಹೇಳಿದ್ದರೆ ಕೆಲಸ ಹೋಗುತ್ತಿತ್ತು, ಹುಡುಗಿಯ ಹೆಸರು ಉಳಿಯುತ್ತಿತ್ತು. ಮಹಾರಾಯ ಹೋಗಲಿಲ್ಲ. ಬಟ್ಟೆಯನ್ನು ಶೆಡ್ಡಿನ ಹಿಂದಿನ ಬೇಲಿಗೆ ಎಸೆದು, ಒಣ ಬಟ್ಟೆ ತಂದುಕೊಂಡ.

ಅಂದಿನಿಂದ ಬಿಲ್ಲೆಗಳು ಸರಿಯಾದವು. ನಾತವೂ ಇಲ್ಲ, ಬಿರುಕೂ ಇಲ್ಲ. "ಅವ್ಳು ಹೋದ್ಲು, ಪೀಡೆ ಹೋಯ್ತು" ಎಂದರು ಶೆಡ್ಡಿನವರು. ಮಂಜುನಾಥ ಮಾದಯ್ಯನ ಬೆನ್ನು ತಟ್ಟಿದ. ಅವನು ಒತ್ತಿದ ಒಂದೊಂದು ಒಳ್ಳೆಯ ಬಿಲ್ಲೆಯೂ ಅವಳ ವಿರುದ್ಧ ಸಾಕ್ಷಿ ಹೇಳಿತು.

ತಿಂಗಳ ಮೇಲೆ ಅರ್ಪಿತ ಬಂದಳು. ಬೇರೆ ಕಡೆ ಕೆಲಸ ಕೇಳಲು ಅನುಭವಪತ್ರ ಬೇಕಾಗಿತ್ತು. ಮಂಜುನಾಥ ಬಿಲ್ಲೆಗಳ ತಟ್ಟೆಯನ್ನು ಅವಳ ಮುಂದೆ ತಳ್ಳಿದ. "ನೋಡು, ನೀನು ಹೋದ್ಮೇಲೆ ಒಂದೂ ಕೆಟ್ಟಿಲ್ಲ. ಪತ್ರದಲ್ಲಿ ಏನಂತ ಬರೀಲಿ?"

ಅವಳು ಒಂದು ಬಿಲ್ಲೆ ಎತ್ತಿ ಹಳೆಯ ಅಭ್ಯಾಸದಂತೆ ಬೆಳಕಿಗೆ ಹಿಡಿದಳು. ಆಮೇಲೆ ಬಾಗಿಲಲ್ಲಿ ನಿಂತಿದ್ದ ಮಾದಯ್ಯನನ್ನು, ಅವನ ಕೋಟಿನ ಖಾಲಿ ಜೇಬನ್ನು ನೋಡಿದಳು.

"ಮಾದಣ್ಣ, ನಿನ್ ಜೇಬಲ್ಲಿ ಒಂದು ಒದ್ದೆ ಬಟ್ಟೆ ಇರ್ತಿತ್ತಲ್ಲ, ಅಚ್ಚು ಒರ್ಸಕ್ಕೆ. ಎಲ್ಲೋಯ್ತು ಅದು?"

ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡರಂತೆ. ಮಾದಯ್ಯನ ಕೈ ತಾನಾಗಿ ಜೇಬಿಗೆ ಹೋಯಿತು. ಮೂರು ತಿಂಗಳ ಒದ್ದೆಗೆ ಜೇಬಿನ ಮೇಲೆ ಬೂಷ್ಟಿನ ಕಪ್ಪು ಕಲೆ ಕೂತಿತ್ತು, ಅಂಗೈಯಷ್ಟು ಅಗಲ.

"ಅಂಥ ಬಟ್ಟೇನೇ ಇರ್ನಿಲ್ಲ ಸಾ. ಸುಳ್ಳು ಬೊಗುಳ್ತಾವ್ಳೆ."

ಮಂಜುನಾಥ ಆ ಕಲೆಯನ್ನು ನೋಡಿದ. ತಟ್ಟೆಯಲ್ಲಿದ್ದ ಬಿಲ್ಲೆಗಳನ್ನೂ ನೋಡಿದ. ಬಹಳ ಹೊತ್ತು ಯೋಚಿಸಲಿಲ್ಲ.

"ಬಸ್ಸಿಗೆ ಹೊತ್ತಾಗುತ್ತೆ, ಹೊರಡಮ್ಮ" ಎಂದ.

ಅವಳು ಬಿಲ್ಲೆಯನ್ನು ತಟ್ಟೆಗೆ ಮೆಲ್ಲಗೆ ಇಟ್ಟು ಬರಿಗೈಯಲ್ಲಿ ಹೊರಟಳು. ಮಾದಯ್ಯ ಕೋಣೆಯೊಳಗೆ ಹೋಗಿ ಒಣ ಬಟ್ಟೆಯಲ್ಲಿ ಅಚ್ಚು ಒರೆಸಿದ.