ನಾಲ್ಕು ಗೂಟ, ಆರು ನಿಂಬೆಹಣ್ಣು

ಸಂಜೆ ನಾಲ್ಕು ಗಂಟೆ ಇಪ್ಪತ್ತು ನಿಮಿಷ. ಅಷ್ಟು ಖಚಿತವಾಗಿ ಹೇಗೆ ಹೇಳುತ್ತೀಯಪ್ಪ ಎಂದು ನೀವು ಕೇಳಬಹುದು. ನಾನೇ ಬರೆದಿಟ್ಟಿದ್ದೇನೆ. ನಮ್ಮ ಸಂಘದ ನಿಯಮದ ಪ್ರಕಾರ, ಪ್ರತಿ ಪ್ರಶ್ನೆ ಕೇಳಿದ ಹೊತ್ತನ್ನೂ ಕಾರ್ಯದರ್ಶಿಯಾದವನು ಹಾಳೆಯ ಅಂಚಿನಲ್ಲಿ ಗುರುತು ಮಾಡಬೇಕಿತ್ತು. ಹದಿನೇಳನೇ ಪ್ರಶ್ನೆಯ ಎದುರಿಗೆ ೪-೨೦ ಎಂದಿದೆ. ಹದಿನೆಂಟನೆಯದರ ಎದುರಿಗೆ ಏನೂ ಇಲ್ಲ. ಅಷ್ಟರಲ್ಲಿ ಯಾರೋ ನನ್ನ ಕೈಯನ್ನು ಬೆನ್ನ ಹಿಂದಕ್ಕೆ ತಿರುಚಿ ಹಿಡಿದಿದ್ದರು.

ಇವತ್ತು ಇದೆಲ್ಲ ಎದ್ದು ಬಂದದ್ದು ಸುಣ್ಣದ ಪುಡಿಯ ವಾಸನೆಗೆ. ನಾನು ಪಾಠ ಮಾಡುವ ಶಾಲೆಯಲ್ಲಿ ಕ್ರೀಡಾಕೂಟದ ತಯಾರಿ. ಪಿ.ಟಿ. ಮೇಷ್ಟ್ರು ಗುಂಡೆಸೆತಕ್ಕೆ ವೃತ್ತ ಹಾಕುತ್ತಿದ್ದರು. ನಡುವೆ ಒಂದು ಗೂಟ, ಗೂಟಕ್ಕೆ ದಾರ, ದಾರ ಸುತ್ತಿದಂತೆಲ್ಲ ಸುಣ್ಣ. "ಈ ತುದಿ ಸ್ವಲ್ಪ ಹಿಡ್ಕೊಳ್ಳಿ ಸಾರ್" ಎಂದರು. ನಾನು ಎರಡು ಹೆಜ್ಜೆ ಹಿಂದೆ ಸರಿದೆ. ಐವತ್ತು ದಾಟಿದ ವಿಜ್ಞಾನದ ಮೇಷ್ಟ್ರು ಒಂದು ಗೇಣು ದಾರಕ್ಕೆ ಹೆದರುವುದನ್ನು ನೋಡಿ ಅವರು ನಕ್ಕರು. ನಗಲಿ. ಅವರ ಕುತ್ತಿಗೆಗೆ ಯಾರೂ ಕುಡುಗೋಲು ಹಿಡಿದಿಲ್ಲ.

ತೊಂಬತ್ತರ ದಶಕದ ನಡುಭಾಗ. ಬಿ.ಎಸ್ಸಿ. ಮುಗಿಸಿ ನಂಜನಗೂಡಿನ ಮನೆಯಲ್ಲಿ ಕೂತು ಕೆಲಸಕ್ಕೆ ಅರ್ಜಿ ಹಾಕುತ್ತಿದ್ದೆ. "ಸುಮ್ನೆ ಕೂರೋ ಬದ್ಲು ಟೈಪಿಂಗಾದ್ರೂ ಕಲಿ" ಎಂದು ಅಮ್ಮ ಮಲ್ಲಪ್ಪನವರ ಟೈಪಿಂಗ್ ಇನ್‌ಸ್ಟಿಟ್ಯೂಟಿಗೆ ಸೇರಿಸಿದಳು. ಮಲ್ಲಪ್ಪನವರು ಸಜ್ಜನರು. ಯಾರ ತಂಟೆಗೂ ಹೋದವರಲ್ಲ. ಆದರೆ ಅವರಿಗೆ ಯಾವುದೋ ಹೊರದೇಶದ ಸಂಘದಿಂದ ಅಂಚೆಯಲ್ಲಿ ಹಾರುವ ತಟ್ಟೆಗಳ ಬಗ್ಗೆ ಒಂದು ಪುಸ್ತಿಕೆ ಬಂದಿತ್ತು, ಅಲ್ಲಿಂದ ಶುರುವಾಯಿತು. ಭಾನುವಾರ ಟೈಪ್‌ರೈಟರುಗಳಿಗೆಲ್ಲ ರೆಕ್ಸಿನ್ ಮುಸುಕು ಹಾಕಿದ ಮೇಲೆ ಅದೇ ಕೋಣೆ ನಮ್ಮ ಸಂಶೋಧನಾ ಸಂಘದ ಕಚೇರಿಯಾಗುತ್ತಿತ್ತು. ಸದಸ್ಯರು ಮೂವರು, ಹುದ್ದೆಗಳೂ ಮೂರು. ಮಲ್ಲಪ್ಪನವರು ಅಧ್ಯಕ್ಷರು. ಟೈಪಿಂಗ್ ಬರುತ್ತದೆಂದು ನಾನು ಕಾರ್ಯದರ್ಶಿ. ಟಿ.ವಿ. ರಿಪೇರಿ ಮಾಡುತ್ತಿದ್ದ ನಾಗೇಂದ್ರ ತಾಂತ್ರಿಕ ಸಲಹೆಗಾರ.

ಹಾರುವ ತಟ್ಟೆ ಬರುವ ಮೊದಲೇ ನಮ್ಮ ರಬ್ಬರ್ ಸ್ಟಾಂಪು ಬಂದಿತ್ತು. ಮೊದಲ ಎಂಟು ತಿಂಗಳು ನಾವು ಆಕಾಶದ ಕಡೆ ಕತ್ತೆತ್ತಿಯೂ ನೋಡಲಿಲ್ಲ. ಅಧ್ಯಕ್ಷರ ಗೈರುಹಾಜರಿಯಲ್ಲಿ ತಟ್ಟೆ ಇಳಿದರೆ ಅದನ್ನು ದಾಖಲಿಸುವ ಅಧಿಕಾರ ಯಾರಿಗೆ ಎಂದು ಚರ್ಚಿಸಿದೆವು. ತಮಾಷೆಯಲ್ಲ, ನಡಾವಳಿ ಪುಸ್ತಕದಲ್ಲಿದೆ. ಕೊನೆಗೊಂದು ದಿನ ಯಾರೋ ಬಂದು ರಾತ್ರಿ ನೀಲಿ ಬೆಳಕು ಕಂಡೆ ಎಂದರು. ನಾಗೇಂದ್ರ ಸೈಕಲ್ಲಿನಲ್ಲಿ ಹೋಗಿ ನೋಡಿಕೊಂಡು ಬಂದ. "ವೆಲ್ಡಿಂಗ್ ಸಾ. ಇಂಡಸ್ಟ್ರಿಯಲ್ ಏರಿಯಾದಲ್ಲಿ ಶೆಡ್ ಕಟ್ತಾವ್ರೆ." ಮಲ್ಲಪ್ಪನವರು ಒಂದು ವಾರ ಅವನ ಜೊತೆ ಮಾತು ಬಿಟ್ಟರು.

ಇನ್ನು ಆ ಪ್ರಶ್ನಾವಳಿ. ಹೊರದೇಶದ ಪುಸ್ತಿಕೆಯಲ್ಲಿದ್ದ ಮೂವತ್ತೆರಡು ಪ್ರಶ್ನೆಗಳನ್ನು ಮಲ್ಲಪ್ಪನವರು ಕನ್ನಡಕ್ಕೆ ತಂದರು. ನಾನು ಸ್ಟೆನ್ಸಿಲ್ ಹಾಳೆಯ ಮೇಲೆ ಟೈಪ್ ಮಾಡಿದೆ. ಬೆಳಕು ಕಂಡ ಮೇಲೆ ಮೈಮೇಲೆ ಹೊಸ ಗುರುತೇನಾದರೂ ಮೂಡಿದೆಯೇ ಎಂಬುದು ಮೂಲದ ಪ್ರಶ್ನೆ. ಮಲ್ಲಪ್ಪನವರು ಯೋಚಿಸಿದರು: ಹೊಸದು ಯಾವುದೆಂದು ತಿಳಿಯಬೇಕಾದರೆ ಹಳೆಯದು ಗೊತ್ತಿರಬೇಕಲ್ಲ? ಹಾಗಾಗಿ ಹದಿನೇಳನೇ ಪ್ರಶ್ನೆ ಹೀಗಾಯಿತು: "ಹುಟ್ಟಿನಿಂದ ಮೈಮೇಲೆ ಮಚ್ಚೆ, ಸುಳಿ ಇತ್ಯಾದಿ ಇವೆಯೇ? ಇದ್ದಲ್ಲಿ ಎಲ್ಲಿ?" ಅದಕ್ಕೂ ಮೊದಲು, "ಒಬ್ಬರೇ ಮನೆಯಿಂದ ಹೊರಗೆ ಹೋಗುವ ಹೊತ್ತು ಯಾವುದು?" ಅದಾದ ಮೇಲೆ, "ಗರ್ಭಿಣಿಯಾಗಿದ್ದಲ್ಲಿ ಎಷ್ಟನೆಯ ಬಾರಿ?"

ಆ ಬೇಸಿಗೆಯಲ್ಲಿ ನಮ್ಮ ಕಡೆ ಎಲ್ಲಿ ಹೋದರೂ ನಿಧಿ ಕಳ್ಳರದೇ ಮಾತು. ಹೂತಿಟ್ಟ ಚಿನ್ನ ಮೇಲಕ್ಕೆ ಬರಬೇಕಾದರೆ ಚೊಚ್ಚಲ ಬಸುರಿಯನ್ನು ಬಲಿ ಕೊಡಬೇಕಂತೆ, ಅವಳ ಮೈಮೇಲೆ ಇಂಥ ಕಡೆ ಮಚ್ಚೆ ಇರಬೇಕಂತೆ ಎಂದು ಬಸ್ಸಿನಲ್ಲಿ, ಹೋಟೆಲಿನಲ್ಲಿ, ನಲ್ಲಿಯ ಹತ್ತಿರ ಜನ ಹೇಳಿಕೊಂಡು ನಡುಗುತ್ತಿದ್ದರು. ನಮ್ಮಮ್ಮ ನನ್ನ ತಂಗಿಯನ್ನು ಒಬ್ಬಳೇ ಹಿಟ್ಟಿನ ಗಿರಣಿಗೂ ಕಳಿಸುತ್ತಿರಲಿಲ್ಲ. ಇದೆಲ್ಲ ಕೇಳಿಕೊಂಡೇ ನಾನು ಆ ಪ್ರಶ್ನೆಗಳನ್ನು ಟೈಪ್ ಮಾಡಿದೆ. ಅಕ್ಷರ ತಪ್ಪಿದೆಯೇ ಎಂದು ಎರಡು ಸಲ ತಿದ್ದಿದೆ. ಅರ್ಥವನ್ನು ಒಂದು ಸಲವೂ ನೋಡಲಿಲ್ಲ. ಪದವೀಧರ!

ಮುಡುಕುತೊರೆ ಬೆಟ್ಟ ಕಾಣುವ ಒಂದು ಹಳ್ಳಿಯಲ್ಲಿ ರಾಜಮ್ಮ ಎಂಬ ಹೆಣ್ಣುಮಗಳು ಬೆಳಗಿನ ಜಾವ ತಮ್ಮ ಗದ್ದೆಯ ಮೇಲೆ ಬೆಳಕು ಕಂಡಳಂತೆ ಎಂಬ ಸುದ್ದಿ ಬಂತು. ನಂಜನಗೂಡಿನಿಂದ ಟಿ. ನರಸೀಪುರಕ್ಕೆ ಒಂದು ಬಸ್ಸು, ಅಲ್ಲಿಂದ ಇನ್ನೊಂದು. ಇಳಿದಾಗ ಮಧ್ಯಾಹ್ನದ ಉರಿಬಿಸಿಲು. ಮೊದಲು ಗದ್ದೆಗೆ ಹೋದೆವು. ಕೊಯ್ಲಾದ ಗದ್ದೆಯ ಮೂಲೆಯಲ್ಲಿ ಹುಲ್ಲು ದುಂಡಗೆ ಸತ್ತಿತ್ತು. "ಸಾ, ಇಲ್ಲಿ ಹುಲ್ಲಿನ ಮೆದೆ ಒಟ್ಟಿದ್ರು ಅನ್ಸುತ್ತೆ" ಎಂದ ನಾಗೇಂದ್ರ. "ನೀವಿಬ್ಬರೂ ಅಳತೆ ಮಾಡಿ" ಎಂದರು ಅಧ್ಯಕ್ಷರು. ನಾನು ಕಲ್ಲಿನಿಂದ ನಾಲ್ಕು ದಿಕ್ಕಿಗೆ ನಾಲ್ಕು ಗೂಟ ಹೊಡೆದು, ದಾರ ಕಟ್ಟಿ, ಸುತ್ತ ಸುಣ್ಣ ಸುರಿದೆ. ನಾಗೇಂದ್ರ ದಿಕ್ಸೂಚಿ ಇಟ್ಟ. ಅಧ್ಯಕ್ಷರು ನಡುವೆ ಕುಕ್ಕರಗಾಲಲ್ಲಿ ಕೂತು ಮಣ್ಣು ಕೆದಕಿ ಪುಟ್ಟ ಪ್ಲಾಸ್ಟಿಕ್ ಕವರಿಗೆ ತುಂಬಿದರು. ದೂರದ ಬದುವಿನ ಮೇಲೆ ನಾಲ್ಕೈದು ಜನ ನಿಂತು ನೋಡುತ್ತಿದ್ದರು. ನಮ್ಮ ಕೆಲಸದಲ್ಲಿ ಅವರಿಗೆ ಆಸಕ್ತಿ ಹುಟ್ಟಿದೆ ಎಂದುಕೊಂಡು ನಾನು ಕೈ ಬೀಸಿದೆ.

ರಾಜಮ್ಮ ಚೊಚ್ಚಲ ಹೆರಿಗೆಗೆ ತವರಿಗೆ ಬಂದಿದ್ದವಳು. ಏಳು ತಿಂಗಳು. ಜಗುಲಿಯ ಮೇಲೆ ಕೂತು, ತಾಯಿ ತಾಯಮ್ಮನ ಸೆರಗು ಹಿಡಿದುಕೊಂಡು, ಅಧ್ಯಕ್ಷರ ಪ್ರಶ್ನೆಗಳಿಗೆ ಸಣ್ಣ ದನಿಯಲ್ಲಿ ಉತ್ತರ ಕೊಡುತ್ತಿದ್ದಳು. ಹದಿನೇಳನೆಯದಕ್ಕೆ ಅವಳು ಸೆರಗು ಬಿಟ್ಟು ತಾಯಿಯ ತೋಳನ್ನೇ ಹಿಡಿದುಕೊಂಡಳು. ಗದ್ದೆಯಿಂದ ನಮ್ಮ ಹಿಂದೆಯೇ ಬಂದು ಅಂಗಳ ತುಂಬಿದ್ದ ಜನ ಜಗುಲಿ ಹತ್ತಿದರು.

ಮುಂದಿನದು ನನಗೆ ಸಾಲಾಗಿ ನೆನಪಿಲ್ಲ, ಚೂರು ಚೂರಾಗಿ ಇದೆ. ಎತ್ತಿನ ಹಗ್ಗದಲ್ಲಿ ಮೂವರನ್ನೂ ಜಗುಲಿಯ ಕಂಬಕ್ಕೆ ಬಿಗಿದದ್ದು. ರಾಜಮ್ಮನ ಅಣ್ಣ ಸಿದ್ದರಾಜು ನನ್ನ ಕುತ್ತಿಗೆಗೆ ಕುಡುಗೋಲು ಇಟ್ಟದ್ದು. ನಮ್ಮ ಚೀಲವನ್ನು ಅಂಗಳಕ್ಕೆ ಸುರಿದದ್ದು. ದಾರದುಂಡೆ. ಸುಣ್ಣ. ದಿಕ್ಸೂಚಿ. ಕರಣೆ. ಮಣ್ಣಿನ ಪೊಟ್ಟಣಗಳು. ಕೊನೆಗೆ, ಒಂದೊಂದಾಗಿ ಉರುಳಿಕೊಂಡು, ಆರು ನಿಂಬೆಹಣ್ಣು.

"ನಿಂಬೆಅಣ್ಣು! ನೋಡ್ರಪ್ಪಾ, ನಿಂಬೆಅಣ್ಣು!" ಎಂದು ಯಾರೋ ಕೂಗಿದರು.

ಆಗಲಾದರೂ ಮಲ್ಲಪ್ಪನವರು ಬಾಯಿ ಮುಚ್ಚಿಕೊಂಡಿರಬಾರದೇ? ಇಲ್ಲ. "ನೋಡಿ, ನಾವು ಆಕಾಶದಿಂದ ಇಳಿದು ಬರುವವರನ್ನು ಹುಡುಕುತ್ತಿದ್ದೇವೆ. ಅವರು ಬಂದಾಗ ಮೊದಲು ಹೆಂಗಸರಿಗೇ ಕಾಣಿಸಿಕೊಳ್ಳುತ್ತಾರೆ" ಎಂದು ಪಾಠ ಶುರು ಮಾಡಿದರು.

"ಸೀಮೆಎಣ್ಣೆ ತಕಂಬನ್ರೊ" ಎಂದಿತು ಹಿಂದಿನಿಂದ ಒಂದು ದನಿ. ಸಿಟ್ಟಿನ ದನಿಯಾಗಿದ್ದರೆ ಮರೆತುಬಿಡುತ್ತಿದ್ದೆನೇನೋ. ಅಡಿಗೆಮನೆಯಿಂದ ಉಪ್ಪು ತಾ ಎನ್ನುವಂತೆ ಹೇಳಿದ ಮಾತು ಅದು. ಸ್ವಲ್ಪ ಹೊತ್ತಿಗೆ ಡಬ್ಬದಲ್ಲಿ ಎಣ್ಣೆ ತುಳುಕುವ ಸದ್ದು ಹತ್ತಿರ ಬಂತು.

"ಶರಬತ್ತಿಗೆ ಕಣವ್ವಾ! ಶರಬತ್ತು! ಸಕ್ರೆ ಅದೆ, ಚೀಲದ ತಳದಲ್ಲಿ ನೋಡು!" ಎಂದು ನಾಗೇಂದ್ರ ಕಿರುಚಿದ.

ತಾಯಮ್ಮ ಚೀಲ ಕೊಡವಿದಳು. ಸಕ್ಕರೆ ಪೊಟ್ಟಣ ಬಿತ್ತು. ಅದನ್ನು ಬಿಚ್ಚಿ ಬಾಯಿಗೆ ಹಾಕಿ ನೋಡಿದಳು. "ಪೂಜೆಗೆ ಮಡಗಿರೋ ನಿಂಬೆಅಣ್ಣ ಯಾವ ಮಂತ್ರಗಾರ್ನೂ ತಿನ್ನಕ್ಕಿಲ್ಲ. ಬಾಯಿಂದ ರಕ್ತ ಬತ್ತದೆ. ಕೈ ಬಿಚ್ರಲಾ ಇವ್ರುದ. ಆರನ್ನೂ ಇಂಡಿ ಇಲ್ಲೇ ಕುಡೀಲಿ. ಕುಡುದ್ರೆ ಬುಟ್ಬುಡಿ, ಕುಡೀನಿಲ್ಲ ಅಂದ್ರೆ ನಿಮ್ಮಿಷ್ಟ."

ಕುಡಿದೆವು. ಸಿದ್ದರಾಜು ಅದೇ ಕುಡುಗೋಲಿನಿಂದ ಒಂದೊಂದಾಗಿ ಹೆಚ್ಚಿಕೊಟ್ಟ. ಒಂದೇ ಚೊಂಬು ಮೂವರ ನಡುವೆ ಸುತ್ತಿತು. ಮೂವತ್ತು ಜನ ನಮ್ಮ ಬಾಯಿಯನ್ನೇ ನೋಡುತ್ತಿದ್ದರು. ಎರಡನೇ ಚೊಂಬಿಗೆ ಮಲ್ಲಪ್ಪನವರು ಸಣ್ಣಗೆ ಹೇಳಿದರು: "ಸಕ್ಕರೆ ಸ್ವಲ್ಪ ಕಡಿಮೆಯಾಯ್ತು." ಗುಂಪಿನಲ್ಲಿ ಯಾರಿಗೋ ಕಿಸಕ್ಕನೆ ನಗು ಬಂತು. ನಾವು ಬದುಕಿದ್ದು ಆ ನಗುವಿನಿಂದ. ಅದನ್ನು ಒಪ್ಪಿಕೊಳ್ಳಬೇಕಲ್ಲ ಎಂದು ನನಗೆ ಇವತ್ತಿಗೂ ಸಿಟ್ಟು ಬರುತ್ತದೆ.

ಬಸ್ಸು ಹತ್ತಿಸಿ ಕಳಿಸಿದರು. ಊರಿಗೆ ಬಂದ ಮೇಲೆ ನನಗೆ ನಿದ್ದೆಯೇ ಬರದಾಯಿತು. ಕಣ್ಣು ಮುಚ್ಚಿದರೆ ಡಬ್ಬ ತುಳುಕುತ್ತಿತ್ತು. ಅಮ್ಮ ಸ್ಟೌವಿಗೆ ಎಣ್ಣೆ ಹಾಕಿದರೂ ಎದ್ದು ಹೊರಗೆ ಹೋಗುತ್ತಿದ್ದೆ. ಮಲ್ಲಪ್ಪನವರು ಮಾತ್ರ ಹೊರದೇಶದ ಸಂಘಕ್ಕೆ ವರದಿ ಬರೆಸಿದರು: "ಸ್ಥಳೀಯರ ಅಸಹಕಾರದಿಂದ ಶೋಧನೆ ಅಪೂರ್ಣ." ಟೈಪ್ ಮಾಡಿದವನು ನಾನೇ.

ಒಂದೂವರೆ ತಿಂಗಳ ಮೇಲೆ ಸಂಘದ ವಿಳಾಸಕ್ಕೆ ಒಂದು ಕಾರ್ಡು ಬಂತು. ಬರೆದವನು ಸಿದ್ದರಾಜು. "ನಮ್ಮ ಅವ್ವ ಹೇಳಿ ಬರೆಸಿದ್ದು. ನೀವು ಹೊಡೆದ ಗೂಟ ಹಾಗೇ ಇವೆ. ಯಾರೂ ಮುಟ್ಟುತ್ತಿಲ್ಲ. ಹೊಡೆದವರೇ ಬಂದು ಕೀಳಬೇಕು. ತಂಗಿಗೆ ಅವತ್ತಿನಿಂದ ನಿದ್ದೆ ಇಲ್ಲ, ದಿನ ಹತ್ತಿರ ಬಂತು. ನಿಮಗೆ ಯಾರೂ ಏನೂ ಮಾಡುವುದಿಲ್ಲ."

"ಹೋಗಬೇಡ. ಹೋದರೆ ಅವರ ಮೂಢನಂಬಿಕೆಗೆ ಒಪ್ಪಿಗೆ ಕೊಟ್ಟ ಹಾಗೆ" ಎಂದರು ಮಲ್ಲಪ್ಪನವರು.

"ಸಾರ್, ಅವರ ಗದ್ದೆಗೆ ಗೂಟ ಹೊಡೆದದ್ದು ಯಾವ ನಂಬಿಕೆ ಸಾರ್?" ಎಂದೆ. ಅವರ ಜೊತೆ ನಾನು ದನಿ ಎತ್ತಿ ಮಾತಾಡಿದ್ದು ಅದೊಂದೇ ಸಲ. ನಾಗೇಂದ್ರ, "ನಾನು ಸಂಸಾರಸ್ಥ ಕಣಯ್ಯ" ಎಂದು ಕೈ ಮುಗಿದ. ಶನಿವಾರ ಒಬ್ಬನೇ ಹೊರಟೆ. ನರಸೀಪುರದಲ್ಲಿ ಎರಡು ಬಸ್ಸು ಹತ್ತದೆ ಬಿಟ್ಟೆ. ಮೂರನೆಯದನ್ನು ಹತ್ತಿದೆ.

ಮಳೆ ಬಿದ್ದು ಗದ್ದೆಯನ್ನೆಲ್ಲ ಉತ್ತಿದ್ದರು. ಕರಿ ಮಣ್ಣಿನ ನಡುವೆ ನಮ್ಮ ಸುಣ್ಣದ ಗೆರೆಯೊಳಗಿನ ಜಾಗ ಮಾತ್ರ ದ್ವೀಪದ ಹಾಗೆ ಉಳಿದು, ಒಳಗೆ ಹುಲ್ಲು ಮೊಳಕಾಲೆತ್ತರ ಬೆಳೆದಿತ್ತು. ನೇಗಿಲು ಅದನ್ನು ಬಳಸಿಕೊಂಡು ಹೋದ ಸಾಲು ಸ್ಪಷ್ಟವಾಗಿ ಕಾಣುತ್ತಿತ್ತು. ನಾನು ಮೂರು ಗೂಟ ಕಿತ್ತೆ. ನಾಲ್ಕನೆಯದು ಜಪ್ಪಯ್ಯ ಎಂದರೂ ಬರಲಿಲ್ಲ. ಸಿದ್ದರಾಜು ಹತ್ತಿರ ಬಂದ. ಬದುವಿನಿಂದ ತಾಯಮ್ಮ ಕೂಗಿದಳು: "ಮುಟ್ಬ್ಯಾಡ ಕಣ್ಲಾ! ಅವ್ನೇ ಕೀಳ್ಲಿ."

ಮಂಡಿಯೂರಿ ಬೆರಳಲ್ಲಿ ಮಣ್ಣು ತೋಡಿ ಕಿತ್ತೆ. ಎದ್ದು ನೋಡಿದರೆ ರಾಜಮ್ಮ ಬದುವಿನ ಮೇಲೆ ನಿಂತಿದ್ದಳು. ಕಣ್ಣಿನ ಸುತ್ತ ಕಪ್ಪಾಗಿತ್ತು.

"ಅಣ್ಣ, ಆ ಕಾಗ್ದದಲ್ಲಿ ನನ್ನೆಸ್ರು ಇನ್ನೂ ಅದಾ?"

ಅವತ್ತಿನ ಪ್ರಶ್ನೆಗಳ ಹಾಳೆಯನ್ನು ಜೇಬಿನಲ್ಲೇ ತಂದಿದ್ದೆ. ಹೆಸರಿದ್ದ ಮೇಲಿನ ಭಾಗ ಹರಿದು ಕೊಟ್ಟೆ. ಅವಳು ಅದನ್ನು ಸೆರಗಿನ ತುದಿಗೆ ಗಂಟು ಹಾಕಿಕೊಂಡಳು. ಆಮೇಲೆ, ನಾನು ಕೇಳದೆಯೇ ಹೇಳಿದಳು: "ಅವ್ವ ದೀಪ ಇಡ್ಕಂಡು ಮೈಯೆಲ್ಲ ನೋಡವ್ಳೆ. ಒಂದು ಮಚ್ಚೇನೂ ಇಲ್ಲ ಕಣಣ್ಣ. ಬರ್ಕೊ ಬೇಕಾದ್ರೆ."

ನಾನು ಬರೆದುಕೊಳ್ಳಲಿಲ್ಲ. ಗಂಟೆಯನ್ನೂ ನೋಡಲಿಲ್ಲ. ತಾಯಮ್ಮ ಒಂದು ಲೋಟ ಮಜ್ಜಿಗೆ ಕೊಟ್ಟು, "ಓಗಪ್ಪ, ನೀನೂ ಸೊರಗೋಗಿದ್ದೀಯ" ಎಂದಳು. ನನ್ನ ಬೆನ್ನ ಹಿಂದೆ ಸಿದ್ದರಾಜು ಆ ದುಂಡು ಜಾಗಕ್ಕೆ ಎತ್ತು ಹೊಡೆಯುವ ಸದ್ದು ಕೇಳಿತು.

ಇವತ್ತು ಆ ವೃತ್ತ ಮುಗಿದ ಮೇಲೆ ಪಿ.ಟಿ. ಮೇಷ್ಟ್ರು, "ಗೂಟ ಇರ್ಲಿ ಬಿಡಿ ಸಾರ್, ಸೋಮವಾರ ಕಿತ್ರಾಯ್ತು" ಎಂದರು. ನಾನು ಆಟದ ಮೈದಾನದ ನಡುವಿಗೆ ಹೋಗಿ, ದಾರ ಬಿಚ್ಚಿ, ಗೂಟ ಕಿತ್ತು ಅವರ ಕೈಗೆ ಕೊಟ್ಟೆ. ಇಷ್ಟು ವರ್ಷಗಳಲ್ಲಿ ದಾರ ಮುಟ್ಟಿದ್ದು ಇದೇ ಮೊದಲು. ಅವರು ಈ ಸಲ ನಗಲಿಲ್ಲ.

ಆ ಶನಿವಾರ ಮನೆಗೆ ಬಂದವನು ಕೈಗೆ ಹತ್ತಿದ ಮಣ್ಣನ್ನೂ ತೊಳೆಯದೆ ಚಾಪೆಯ ಮೇಲೆ ಉರುಳಿದೆನಂತೆ. ಭಾನುವಾರ ಎಂಟು ಗಂಟೆಗೆ ಅಮ್ಮ ಅಲುಗಾಡಿಸಿ ಎಬ್ಬಿಸಿದಳು. ಮುಂದಿನ ವಾರ ಇನ್ನೊಂದು ಕಾರ್ಡು ಬಂತು, ಅದೇ ಅಕ್ಷರ, ಒಂದೇ ಸಾಲು: "ಶನಿವಾರ ರಾತ್ರಿ ತಂಗಿ ಮಲಗಿದವಳು ಬೆಳಗಾದ ಮೇಲೇ ಎದ್ದಳು."