ನಕ್ಷೆಯಿಂದ ಬಿದ್ದುಹೋದ ಓಣಿ

ನಕ್ಷೆ ಕಂಡವರೆಲ್ಲ ಮೊದಲು ಹುಡುಕುವುದು ತಮ್ಮ ಮನೆಯನ್ನೇ. ಇದನ್ನು ನಾನು ಹಿಮಾಯತ್‌ನಗರದ ಒಂದು ಸೀರೆ ಅಂಗಡಿಯ ಮೇಲಿನ ಮಹಡಿಯಲ್ಲಿ ಕೂತು ಕಲಿತೆ. ಇಡೀ ಹೈದರಾಬಾದನ್ನು ಕಂಪ್ಯೂಟರಿನ ಪರದೆಯ ಮೇಲೆ ತೆರೆದಿಟ್ಟರೂ ಚಾರ್ಮಿನಾರ್ ಎಲ್ಲಿದೆ ಎಂದು ಒಬ್ಬರೂ ಕೇಳುತ್ತಿರಲಿಲ್ಲ. ಕೊರಿಯರ್ ಕೊಡಲು ಬಂದವನು ಕೂಡ ಬಾಗಿಲಲ್ಲೇ ನಿಂತು, "ಮೇಡಂ, ಮೇರಾ ಘರ್ ಬತಾವ್" ಅನ್ನುತ್ತಿದ್ದ. ತೋರಿಸಿದರೆ ಹಬ್ಬಕ್ಕೆ ಬಟ್ಟೆ ಕೊಡಿಸಿದಷ್ಟು ಖುಷಿಪಟ್ಟು ಹೋಗುತ್ತಿದ್ದ.

ಐಟಿ ಎಂಬುದು ಆ ಊರಿನ ತಲೆಗೇರಿದ್ದ ಕಾಲ ಅದು. ಅರ್ಧ ಊರು ಕಂಪ್ಯೂಟರ್ ಕೋರ್ಸಿಗೆ ಸೇರಿತ್ತು, ಉಳಿದರ್ಧ ಕೋರ್ಸು ನಡೆಸುತ್ತಿತ್ತು. ಮಾಧಾಪುರದ ಕಡೆ ಗಾಜಿನ ಕಟ್ಟಡಗಳು ಏಳುತ್ತಿದ್ದವು. ನಮ್ಮದು ಅಂಥದ್ದಲ್ಲ. ಬೆಂಗಳೂರಿನ ಕಂಪನಿಯೊಂದರ ಸಣ್ಣ ಶಾಖೆ, ನಾಲ್ಕಾರು ಮೇಜು, ಕೆಳಗಿನ ಅಂಗಡಿಯಿಂದ ಸದಾ ಮೇಲೇರಿ ಬರುವ ಹೊಸ ಬಟ್ಟೆಯ ವಾಸನೆ. ನಾನು ಧಾರವಾಡದವಳು, ಮದುವೆಯಾಗಿ ಹೈದರಾಬಾದಿಗೆ ಬಂದವಳು. ಗಂಡನಿಗೆ ಬಾಲಾನಗರದ ಕಾರ್ಖಾನೆಯಲ್ಲಿ ಕೆಲಸ, ಮನೆ ಸನತ್‌ನಗರದಲ್ಲಿ. ಮಗಳಿಗೆ ಮೂರು ತುಂಬಿದ ಮೇಲೆ ಅವಳನ್ನು ಅತ್ತೆಯ ಕೈಗೆ ಕೊಟ್ಟು ಈ ಕೆಲಸ ಹಿಡಿದಿದ್ದೆ. ಹಿಡಿದ ಮೊದಲ ವಾರದಲ್ಲೇ ಅದರ ಮೇಲೆ ಪ್ರೀತಿ ಹುಟ್ಟಿತ್ತು. ಬೆಳಿಗ್ಗೆ ಬಸ್ಸಿಗೆ ಓಡುವಾಗಲೂ ನನ್ನ ಮುಖದಲ್ಲಿ ನಗು ಇರುತ್ತಿತ್ತಂತೆ. ಗಂಡ ಅದನ್ನೇ ಹೇಳಿ ರೇಗಿಸುತ್ತಿದ್ದರು.

ಕೆಲಸ ಏನೆಂದು ಹೇಳುವುದು ಸುಲಭ. ನಗರಕ್ಕೆ ನೀರು ಕೊಡುವ ಇಲಾಖೆಯವರ ಹತ್ತಿರ ರಸ್ತೆ, ಮನೆ, ಪೈಪು, ವಾಲ್ವು ಎಲ್ಲವನ್ನೂ ಗುರುತಿಸಿದ ಒಂದು ಭಾರೀ ಫೈಲ್ ಇತ್ತು. ಅದನ್ನು ಇಂಟರ್ನೆಟ್ಟಿಗೆ ಹಾಕಬೇಕು. ಯಾವ ಮೂಲೆಯ ಕಚೇರಿಯಲ್ಲಿ ಕೂತವರೂ ತಮ್ಮ ಭಾಗವನ್ನು ತೆರೆದು ನೋಡುವಂತಿರಬೇಕು. ಮೊದಮೊದಲು ಇಡೀ ಫೈಲನ್ನೇ ಕಳಿಸಿ ನೋಡಿದೆವು. ನಾವು ಕೆಳಗಿಳಿದು, ಇರಾನಿ ಹೋಟೆಲಿನಲ್ಲಿ ಚಹಾ ಕುಡಿದು, ಪಕ್ಕದ ಮೇಜಿನವರ ಜಗಳವನ್ನೂ ಕೊನೆಯವರೆಗೆ ಕೇಳಿ ಮೇಲೆ ಬಂದರೆ ಪರದೆ ಇನ್ನೂ ಬೆಳ್ಳಗೇ ಇರುತ್ತಿತ್ತು. ಕೊನೆಗೆ ಕಂಪ್ಯೂಟರೇ ಕೈ ಎತ್ತಿಬಿಡುತ್ತಿತ್ತು.

ನನ್ನ ಜೊತೆ ಈ ಕೆಲಸಕ್ಕಿದ್ದವನು ಮಂಗಳೂರಿನ ಕಡೆಯವನು, ನನ್ನ ವಾರಗೆಯವನೇ. ಸಿಟ್ಟೇ ಬಾರದ ಮನುಷ್ಯ. ಅದಕ್ಕೇ ನನಗೆ ಅವನ ಮೇಲೆ ಸಿಟ್ಟು ಬರುತ್ತಿತ್ತು.

"ಇಡೀ ಹಲಸಿನಹಣ್ಣನ್ನು ಯಾರಾದ್ರೂ ತಟ್ಟೆಗೆ ಹಾಕಿ ಕೊಡ್ತಾರಾ?" ಎಂದ ಒಂದು ದಿನ. "ನಾವು ತುಂಡು ಮಾಡಿ ಕೊಡುವ ಮಾರಾಯ್ರೆ."

ತುಂಡು ಮಾಡಿದೆವು. ನಕ್ಷೆಯನ್ನು ಮೊದಲೇ ಚಿತ್ರವಾಗಿ ಬರೆದು ಸಣ್ಣ ಸಣ್ಣ ಚೌಕಗಳಾಗಿ ಕತ್ತರಿಸಿಡುವುದು. ದೂರದಿಂದ ನೋಡುವಾಗ ಇಡೀ ನಗರಕ್ಕೆ ಕೆಲವೇ ಚೌಕ ಸಾಕು. ಹತ್ತಿರ ಹೋದಷ್ಟೂ ಚೌಕಗಳೂ ಹೆಚ್ಚು, ವಿವರವೂ ಹೆಚ್ಚು. ನೋಡುವವರ ಕಣ್ಣೆದುರಿಗೆ ಎಷ್ಟು ಬೇಕೋ ಅಷ್ಟು ಚೌಕ ಮಾತ್ರ ಲೈನಿನಲ್ಲಿ ಹೋಗುತ್ತವೆ. ತೀರಾ ಹತ್ತಿರದ ಚೌಕಗಳು ಮಾತ್ರ ಎಣಿಸಲಾರದಷ್ಟಿದ್ದವು. ಅವನ್ನು ಯಾರಾದರೂ ಕೇಳಿದಾಗಲೇ ಬರೆಯುವುದು, ಬರೆದದ್ದನ್ನು ಎತ್ತಿಡುವುದು ಎಂದು ಮಾಡಿಕೊಂಡೆವು. ಒಂದು ಜಾಗವನ್ನು ಮೊದಲು ಕೇಳಿದವರು ಕಾಯಬೇಕು, ಆಮೇಲೆ ಕೇಳಿದವರಿಗೆ ತಕ್ಷಣ ಸಿಗುತ್ತದೆ.

ಇಲ್ಲಿಂದ ನಮ್ಮ ಜಾಣತನ ಶುರುವಾಯಿತು. ಯಾವ ಸಾಹೇಬರಿಗೆ ತೋರಿಸಲು ಹೋದರೂ ಅವರು ತಮ್ಮ ಮನೆಯನ್ನೇ ಕೇಳುತ್ತಾರೆ ಎಂದು ಗೊತ್ತಿತ್ತಲ್ಲ. ಹಿಂದಿನ ದಿನವೇ ಅವರ ವಿಳಾಸ ತಿಳಿದುಕೊಂಡು ಆ ಕಾಲೊನಿಯ ಮೂಲೆ ಮೂಲೆಯನ್ನೂ ನಾವೇ ಒಮ್ಮೆ ತೆರೆದಿಡುತ್ತಿದ್ದೆವು. ಮಂಗಳೂರಿನ ಗೆಳೆಯ ಇದಕ್ಕೆ 'ಕಾವಲಿ ಕಾಯಿಸುವುದು' ಅನ್ನುತ್ತಿದ್ದ. ಮರುದಿನ ಸಾಹೇಬರ ಮನೆ ದೋಸೆ ಎದ್ದ ಹಾಗೆ ಸಲೀಸಾಗಿ ಎದ್ದು ಬರುತ್ತಿತ್ತು. ಇದರ ಜೊತೆಗೆ ಫೈಲನ್ನು ಹಗುರ ಮಾಡಲು ನಾನೊಂದು ನಿಯಮ ಬರೆದಿದ್ದೆ. ಇಂತಿಷ್ಟು ಉದ್ದಕ್ಕಿಂತ ಗಿಡ್ಡದಾದ ರಸ್ತೆಯನ್ನು ಬಿಟ್ಟುಬಿಡು, ಅಷ್ಟೇ. ಫೈಲ್ ಒಂದೇ ಏಟಿಗೆ ಇಳಿದುಹೋದಾಗ ನನ್ನ ಬೆನ್ನು ನಾನೇ ತಟ್ಟಿಕೊಂಡೆ.

ಆ ಚಳಿಗಾಲದಲ್ಲಿ ಇಲಾಖೆಯ ಹಿರಿಯ ಇಂಜಿನಿಯರರಿಗೆ ನಕ್ಷೆ ತೋರಿಸುವ ದಿನ ಗೊತ್ತಾಯಿತು. ಬೆಂಗಳೂರಿನಿಂದ ಮ್ಯಾನೇಜರ್ ಫೋನ್ ಮಾಡಿ ಮೃದುವಾಗಿಯೇ ಹೇಳಿದರು: "ಅವರು ಒಪ್ಪಿದ್ರೆ ನಿಮ್ಮ ಬ್ರಾಂಚ್ ಇರುತ್ತೆ. ಇಲ್ಲಾಂದ್ರೆ ಮುಚ್ಚಿಬಿಡೋಣ, ಎಲ್ಲರೂ ಇಲ್ಲಿಗೇ ಬಂದ್ಬಿಡಿ." ಎಲ್ಲರೂ ಎಂದರೆ ನನ್ನನ್ನು ಬಿಟ್ಟು ಎಲ್ಲರೂ. ಗಂಡನ ಕಾರ್ಖಾನೆಯಾಗಲಿ ಅತ್ತೆಯ ಮನೆಯಾಗಲಿ ಬೆಂಗಳೂರಿಗೆ ಬರುವಂತಿರಲಿಲ್ಲ. ಹೈದರಾಬಾದಿನಲ್ಲಿ ನಕ್ಷೆಯ ಕೆಲಸ ಕೊಡುವ ಇನ್ನೊಂದು ಬಾಗಿಲು ನನಗೆ ಗೊತ್ತಿರಲಿಲ್ಲ. ಬ್ರಾಂಚ್ ಮುಚ್ಚಿದರೆ ನಾನು ಮನೆಯಲ್ಲಿ ಕೂತಂತೆಯೇ. 

ಹಿರಿಯ ಇಂಜಿನಿಯರರು ನಿವೃತ್ತಿಯ ಹೊಸ್ತಿಲಲ್ಲಿದ್ದವರು, ಮಾತು ಕಡಿಮೆ. ಸಭೆ ತೆಲುಗು, ಹಿಂದಿ, ಇಂಗ್ಲಿಷ್ ಮೂರನ್ನೂ ಕಲಸಿಕೊಂಡು ನಡೆಯಿತು. ಶುರುವಿಗೆ ಮೊದಲು ವೈರ್ ಸರಿಯಾಗಿ ಸಿಕ್ಕಿಸಲಿಲ್ಲವೆಂದು ನಾನು ಗೆಳೆಯನಿಗೆ ಕನ್ನಡದಲ್ಲಿ ಗದರಿದ್ದೆ. ಅದು ಅವರ ಕಿವಿಗೆ ಬಿದ್ದಿತ್ತೆಂದು ಆಮೇಲೆ ತಿಳಿಯಿತು. ನಗರದ ಚಿತ್ರ ಚಕಚಕನೆ ಬಂತು. ನಮ್ಮ ಪದ್ಧತಿಯಂತೆ ನೇರ ಅವರ ಕಾಲೊನಿಗೆ ಇಳಿದೆವು. ಪಾರ್ಕು, ಪೈಪು, ಅವರ ಗೇಟಿನ ಮುಂದಿನ ವಾಲ್ವು, ಎಲ್ಲ ರೆಪ್ಪೆ ಬಡಿಯುವುದರೊಳಗೆ ಬಂದು ನಿಂತವು. ಕಿರಿಯ ಇಂಜಿನಿಯರರೆಲ್ಲ ಅವರ ಮುಖ ನೋಡಿದರು. ಅವರು ನನ್ನ ಮುಖ ನೋಡಿದರು.

"ನನ್ನ ಮನಿ ನಾ ದಿನಾ ನೋಡ್ತೀನ್ರಿ," ಎಂದರು ನಮ್ಮ ಕಡೆಯ ಅಪ್ಪಟ ಕನ್ನಡದಲ್ಲಿ. "ನಿಮ್ಮನಿ ಎಲ್ಲೈತಿ?"

"ಸನತ್‌ನಗರದಾಗ್ರಿ ಸರ್."

"ತೋರಸ್ರಿ, ನೋಡೂಣು."

ಕೆಲಸಕ್ಕೆ ಸೇರಿದ ದಿನ ಮೂಲ ಫೈಲಿನಲ್ಲಿ ನಮ್ಮ ಮನೆಯನ್ನು ನಾನೂ ಆಸೆಯಿಂದ ನೋಡಿದ್ದೆ. ಹಗುರ ಮಾಡಿದ ಮೇಲೆ ಆ ಕಡೆ ಹೋಗಿರಲಿಲ್ಲ. ಈಗ ಸನತ್‌ನಗರಕ್ಕೆ ಎಳೆದರೆ ಪರದೆಯ ತುಂಬ ಬಿಳಿ ಚೌಕಗಳು. ಗೆಳೆಯ ಮೇಲೆ ತಿರುಗುವ ಫ್ಯಾನನ್ನು ನೋಡತೊಡಗಿದ. ಒಂದೊಂದಾಗಿ ಚೌಕಗಳು ತುಂಬಿಕೊಂಡವು. ಕಾರ್ಖಾನೆಯ ಶೆಡ್ಡುಗಳು ಬಂದವು, ದೊಡ್ಡ ರಸ್ತೆ ಬಂತು, ಬಸ್ ನಿಲ್ದಾಣವೂ ಬಂತು. ನಮ್ಮ ಓಣಿ ಇರಬೇಕಾದ ಕಡೆ ಏನೂ ಇರಲಿಲ್ಲ. ನಮ್ಮದು ಒಂದು ತುದಿ ಮುಚ್ಚಿದ ಗಿಡ್ಡ ಓಣಿ. ನನ್ನ ನಿಯಮ ಅದನ್ನು ಕಸದ ಜೊತೆ ಗುಡಿಸಿ ಹಾಕಿತ್ತು.  ಫೈಲ್ ಹಗುರವಾಗಲೆಂದು ಗಿಡ್ಡ ಓಣಿಗಳನ್ನು ತೆಗೆದಿದ್ದೇನೆ ಎಂದು ಹೇಳಿದೆ.

"ಹಗುರ ಮಾಡಾಕ ಹೋಗಿ ನಿಮ್ಮನ್ನ ನೀವ ತಗದ್ ಒಗದೀರಲ್ರಿ," ಎಂದರು. ದನಿಯಲ್ಲಿ ಸಿಟ್ಟಿರಲಿಲ್ಲ. "ನಾಳಿ ಆ ಓಣ್ಯಾಗ ಪೈಪ್ ಒಡದ್ರ ನಮ್ಮ ಮಂದಿ ಎಲ್ಲಿ ಹೋಗ್ಬೇಕು? ಮತ್ತ ನನ್ನ ಮನಿ ಸುತ್ತ ಒಂದ್ ಓಣೀನೂ ಹೋಗಿಲ್ಲ. ಅದ್ಹ್ಯಾಂಗ?"

ಅದು ಹೇಗೆಂದರೆ, ಅಲ್ಲಿಯೂ ಓಣಿಗಳು ಕಾಣೆಯಾದದ್ದು ಹಿಂದಿನ ದಿನ ಕಣ್ಣಿಗೆ ಬಿದ್ದು ಗೆಳೆಯ ಅವನ್ನು ಕೈಯಾರೆ ಸೇರಿಸಿದ್ದ. ಹಾಗಾದರೆ ಉಳಿದ ಊರಿನ ಗತಿ ಏನು ಎಂದು ಇಬ್ಬರಿಗೂ ಹೊಳೆದಿರಲಿಲ್ಲ. ನಾನು ಗೆಳೆಯನನ್ನು ನೋಡಿದೆ, ಅವನು ಮತ್ತೆ ಫ್ಯಾನನ್ನು ನೋಡಿದ. ಅವರಿಗೆ ನಗು ಬಂತು.

"ಎಲ್ಲಾರೂ ನನ್ನ ಮನೀನ ತರ್ತಾರ್ರಿ. ಇರ್ಲಿ. ಸಂಕ್ರಾಂತಿ ಮುಗಸ್ಕೊಂಡ್ ಬರ್ರಿ. ಆವತ್ತ ಯಾರ ಮನಿ ಕೇಳ್ತೀನಂತ ಮೊದ್ಲ ಹೇಳೂದಿಲ್ಲ. ಎಲ್ಲಾ ಬರಬೇಕು."

ಆಟೋದಲ್ಲಿ ಹಿಮಾಯತ್‌ನಗರ ಮುಟ್ಟುವವರೆಗೂ ಗೆಳೆಯನ ಮೇಲೆ ಕೂಗಾಡಿದೆ. ನಿಯಮ ಬರೆದವಳು ನಾನು, ಬೈಸಿಕೊಂಡವನು ಅವನು. "ಆಯ್ತು ಮಾರಾಯ್ರೆ" ಎಂದಷ್ಟೇ ಹೇಳಿ ಆಟೋದವನ ಹತ್ತಿರ ಚಿಲ್ಲರೆ ತಗೊಂಡು ಇಳಿದ. ಸಂಜೆ ಮನೆಗೆ ಬಂದು ಅತ್ತೆಗೆ ಎಲ್ಲವನ್ನೂ ಹೇಳಿದೆ, ಕೆಲಸ ಹೋಗಬಹುದು ಎಂಬುದನ್ನೂ ಸೇರಿಸಿ. ಅತ್ತೆ ಹಿಡಿದುಕೊಂಡದ್ದು ಓಣಿಯನ್ನು.

"ನಮ್ಮ ಓಣಿ ತಗದಿ? ಯಾರನ್ನ ಕೇಳಿ ತಗದಿ?" ಅತ್ತೆ ಅವರೆಕಾಯಿ ಸುಲಿಯುವುದನ್ನು ನಿಲ್ಲಿಸಿದರು. "ಮದಿವ್ಯಾಗಿ ಬಂದಾಗಿಂದ ಇದ ಓಣ್ಯಾಗ ಅದೀನಿ ನಾ. ಇಲ್ಲಿಗೆ ನಳ ಬರಬೇಕಂತ ನಿಮ್ಮ ಮಾವ ಎಷ್ಟ್ ಆಫೀಸ್ ತಿರಗ್ಯಾರ, ಗೊತ್ತೈತೇನು ನಿನಗ?"

"ತಪ್ಪಾತ್ರಿ ಅತ್ತಿ. ಗೊತ್ತಾಗಲಿಲ್ಲ."

"ಮತ್ತ ಹಾಕು. ಹಬ್ಬದ ಕೆಲಸ ನಾ ನೋಡ್ಕೊಂತೀನಿ, ಕೂಸಿನ್ನೂ ನೋಡ್ಕೊಂತೀನಿ. ನೀ ಹೋಗಿ ಓಣಿ ಹಾಕಿ ಬಾ."

ಸೊಪ್ಪಿಗೆ ಉಪ್ಪು ಮರೆತವಳಿಗೆ ಹೇಳಿದ ಹಾಗೆ ಹೇಳಿದರು. ನನ್ನ ಕೆಲಸದ ಬಗ್ಗೆ ಮಾತ್ರ ಚಕಾರ ಎತ್ತಲಿಲ್ಲ. ನಾನು ಮನೆಯಲ್ಲಿ ಕೂತರೆ ದಿನವಿಡೀ ಮಗುವಿನ ಹಿಂದೆ ಓಡುವುದು ಅವರಿಗೆ ತಪ್ಪುತ್ತದೆ, ಅದಕ್ಕೇ ಸುಮ್ಮನಿದ್ದಾರೆ ಅಂದುಕೊಂಡೆ. ಅದರಲ್ಲಿ ತಪ್ಪೇನೂ ಕಾಣಲಿಲ್ಲ ನನಗೆ, ಆದರೂ ನೋವಾಯಿತು.

ಹೊಸ ನಿಯಮ ಬರೆದೆ: ಒಂದೇ ಒಂದು ಮನೆಗೆ ನಲ್ಲಿ ಇದ್ದರೂ ಸಾಕು, ಆ ಓಣಿ ಎಷ್ಟೇ ಗಿಡ್ಡವಾಗಿರಲಿ ನಕ್ಷೆಯಲ್ಲಿ ಇರಬೇಕು. ಓಣಿಗಳು ಮರಳಿ ಬಂದವು, ಅವುಗಳ ಜೊತೆಗೆ ಭಾರವೂ ಬಂತು. ಹಾಗಾದರೆ ಫೈಲಿನ ಭಾರ ಎಲ್ಲಿ ಅಡಗಿದೆ ಎಂದು ಇಬ್ಬರೂ ಹುಡುಕಿದೆವು. ಕಂಪ್ಯೂಟರಿನಲ್ಲಿ ಗೆರೆ ಎಂದರೆ ಚುಕ್ಕಿಗಳನ್ನು ಸೇರಿಸಿದ ರಂಗೋಲಿ. ಚುಕ್ಕಿ ಹೆಚ್ಚಾದಷ್ಟೂ ಭಾರ. ಹುಸೇನ್ ಸಾಗರದ ದಡವನ್ನು ತೆರೆದು ನೋಡಿ ನಾನು ದಂಗಾದೆ. ಅದನ್ನು ಬರೆದವರು ಯಾರೋ, ಕೆರೆಯ ಮೇಲೆ ಅವರಿಗೆಷ್ಟು ಪ್ರೀತಿಯೋ, ಕಲ್ಲು ಕಲ್ಲಿಗೂ ಒಂದು ಚುಕ್ಕಿ ಇಟ್ಟಿದ್ದರು. ಸನತ್‌ನಗರದ ಓಣಿಗಳೆಲ್ಲ ಸೇರಿದರೂ ಆ ದಡದಷ್ಟು ತೂಗುತ್ತಿರಲಿಲ್ಲ. ನೆಟ್ಟಗೆ ಹೋಗುವ ರೈಲು ಹಳಿಗೂ ಮಾರಿಗೊಂದು ಚುಕ್ಕಿ ಇತ್ತು, ಎರಡು ತುದಿಗೆ ಎರಡು ಸಾಕಾಗುವ ಕಡೆಯಲ್ಲಿ. ಇಂಥ ಬೇಡದ ಚುಕ್ಕಿಗಳನ್ನು ಸವರುತ್ತಾ ಹೋದೆವು. ಕೆರೆ ಕೆರೆಯಾಗಿಯೇ ಉಳಿಯಿತು, ನೋಡಿದವರಿಗೆ ವ್ಯತ್ಯಾಸವೇ ತಿಳಿಯುತ್ತಿರಲಿಲ್ಲ. ಫೈಲ್ ಮಾತ್ರ ಮೊದಲಿಗಿಂತ ಹಗುರವಾಯಿತು.

ಕಚೇರಿಯ ಉಳಿದವರೆಲ್ಲ ಹಬ್ಬಕ್ಕೆ ಊರಿಗೆ ಹೋದದ್ದರಿಂದ ಅವರ ಕಂಪ್ಯೂಟರುಗಳೂ ನಮ್ಮ ಪಾಲಿಗೆ ಬಂದವು. ಎಲ್ಲವನ್ನೂ ಚೌಕ ಬರೆಯುವ ಕೆಲಸಕ್ಕೆ ಹಚ್ಚಿದೆವು, ಇಡೀ ನಗರಕ್ಕೆ ಒಮ್ಮೆಗೇ ಕಾವಲಿ ಕಾಯಿಸಿದಂತೆ. ಯಂತ್ರಗಳು ಬರೆಯುತ್ತಿದ್ದವು, ನಮ್ಮ ಕೆಲಸ ಕಾಯುವುದು. ಕೆಳಗಿನ ಅಂಗಡಿಗೆ ಬೀಗ ಬಿದ್ದಿತ್ತು, ಹಿಮಾಯತ್‌ನಗರದ ಮಾಳಿಗೆಗಳ ಮೇಲೆಲ್ಲ ಗಾಳಿಪಟದ ಗದ್ದಲ. ಅತ್ತೆ ಎಳ್ಳು ಹಚ್ಚಿದ ಸಜ್ಜೆ ರೊಟ್ಟಿ, ಎಣ್ಣೆಗಾಯಿ, ಶೇಂಗಾ ಹೋಳಿಗೆ ಕಟ್ಟಿ ಕೊಟ್ಟಿದ್ದರು. "ಇದು ಹಪ್ಪಳವಾ ರೊಟ್ಟಿಯಾ?" ಎಂದು ಗೆಳೆಯ ಅನುಮಾನದಿಂದ ಕೇಳಿದ. ನನಗೆ ಮೈ ಉರಿಯಿತು. ಆಮೇಲೆ ನನ್ನ ಪಾಲಿನದನ್ನೂ ಅವನೇ ತಿಂದ. ಕೆಲಸ ಉಳಿಯುವುದೋ ಇಲ್ಲವೋ ಎಂಬ ಭಯದ ನಡುವೆಯೂ ನಾನು ಅಷ್ಟು ಸುಖವಾಗಿ ಕಳೆದ ಸಂಕ್ರಾಂತಿ ಇನ್ನೊಂದಿಲ್ಲ. ಪರದೆಯ ಮೇಲೆ ಊರು ಓಣಿ ಓಣಿಯಾಗಿ ತುಂಬುತ್ತಾ ಬರುವುದನ್ನು ನೋಡುತ್ತಾ ಕೂತಿದ್ದೆ.

ಎರಡನೆಯ ಸಭೆಯಲ್ಲಿ ಹಿರಿಯ ಇಂಜಿನಿಯರರು ಮೇಜಿನ ಸುತ್ತ ಕೂತವರ ಮನೆಗಳನ್ನು ಒಂದಾದ ಮೇಲೊಂದು ಕೇಳಿದರು. ಟೈಪಿಸ್ಟ್ ಹೆಂಗಸಿನ ಮನೆ ಕೇಳಿದರು, ತಮ್ಮ ಡ್ರೈವರನ್ನು ಒಳಗೆ ಕರೆಸಿ ಅವನ ಮನೆ ಕೇಳಿದರು. ಎಲ್ಲರ ಓಣಿಯೂ ಒಂದೇ ನಡಿಗೆಯಲ್ಲಿ ಬಂತು. ಯಾರಿಗೂ ಹೆಚ್ಚಿಲ್ಲ, ಯಾರಿಗೂ ಕಡಿಮೆಯಿಲ್ಲ. ಕೊನೆಗೆ ನನ್ನ ಕಡೆ ತಿರುಗಿದರು. ನಾನು ಸನತ್‌ನಗರಕ್ಕೆ ಎಳೆದೆ. ನಮ್ಮ ಗಿಡ್ಡ ಓಣಿ, ಅದರ ಮುಚ್ಚಿದ ತುದಿ, ನಮ್ಮ ಬಾಗಿಲವರೆಗೆ ಬಂದು ನಿಂತ ತೆಳುವಾದ ನೀಲಿ ಗೆರೆ ಎಲ್ಲ ಕಂಡವು.  ಅವರು ಕಿರಿಯರನ್ನು ತೆಲುಗಿನಲ್ಲಿ ಏನೇನೋ ಕೇಳಿದರು.  ಆಮೇಲೆ ಕುರ್ಚಿಯನ್ನು ಪರದೆಯ ಹತ್ತಿರ ಎಳೆದುಕೊಂಡು, ಕನ್ನಡಕವನ್ನು ಹಣೆಗೇರಿಸಿ, ಸ್ವಲ್ಪ ನಾಚಿಕೆಯಿಂದಲೇ ಹೇಳಿದರು:

"ಈಗ ನಮ್ಮನೀನೂ ಒಮ್ಮೆ ತೋರಸ್ರಿ. ಮುಂದಿನ ವಾರದಿಂದ ಎಲ್ಲಾ ಆಫೀಸ್‌ನ್ಯಾಗ ಇದನ್ನ ಇಡೂಣು."

ಹೊರಗೆ ಬಂದ ಕೂಡಲೇ ಗೆಳೆಯನ ಮೊಬೈಲ್ ಕಸಿದುಕೊಂಡು ಮನೆಗೆ ಫೋನ್ ಮಾಡಿದೆ. ಅತ್ತೆಯೇ ಎತ್ತಿದರು.

"ಓಣಿ ಬಂತೇನು?"

"ಬಂತ್ರಿ ಅತ್ತಿ. ತುದೀತನಕ ಬಂತು."

"ನಳ?"

"ನಳಾನೂ ಬಂತ್ರಿ."

ಆ ಕಡೆ ಮಗಳು ಏನೋ ಬೇಕೆಂದು ಹಟ ಮಾಡುವುದು ಕೇಳಿಸಿತು. ಅತ್ತೆ ಅವಳನ್ನು ಸುಮ್ಮನಿರಿಸಿದರು.

"ಓಣೀದ್ ಇರ್ಲಿ," ಎಂದರು. "ನಾಳಿ ನೀ ಕೆಲಸಕ್ಕ ಹೋಗ್ತೀಯೋ ಇಲ್ಲೋ, ಅದನ್ನ ಹೇಳು ಮೊದ್ಲ."

"ಹೋಗ್ತೀನ್ರಿ," ಅಂದೆ. ಅಷ್ಟು ಹೇಳಿ ಮೂಗೊರೆಸಿಕೊಂಡೆ.

"ಮತ್ತ್ಯಾಕ ಅಳಾಕತ್ತಿ?" ಎಂದು ಅತ್ತೆ ಗದರಿದರು. ಅವರ ದನಿಯೂ ನೆಟ್ಟಗಿರಲಿಲ್ಲ.